ಏಳು ಕೇಳಿದರೆ ನಲವತ್ತನಾಲ್ಕು!

1973ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರದ ಗಾಳಿ ಹೇಗಿತ್ತು? ಮೇ ಒಂದರಿಂದ ಸೆಪ್ಟೆಂಬರ್ ಮೂವತ್ತರವರೆಗೆ, ದಿನಕ್ಕೊಂದು ಸಾಲಿನಂತೆ 153 ದಿನಗಳ ಲೆಕ್ಕ ಬರೆದಿಟ್ಟ ಒಂದು ಪಟ್ಟಿ ಇದೆ. ಮಧ್ಯಾಹ್ನದ ಹೊತ್ತಿನಲ್ಲಿ ಗಾಳಿಯಲ್ಲಿ ಎಷ್ಟು ಓಜೋನ್ ಸೇರಿತ್ತು, ಬಿಸಿಲು ಎಷ್ಟು ಬಿತ್ತು, ಗಾಳಿ ಎಷ್ಟು ಜೋರಾಗಿ ಬೀಸಿತು, ಸೆಖೆ ಎಷ್ಟಿತ್ತು, ಎಲ್ಲವೂ ಅದರಲ್ಲಿವೆ. 'ಆರ್' ಎಂಬ ಒಂದೇ ಅಕ್ಷರದ ಹೆಸರುಳ್ಳ ಗಣಕ ಭಾಷೆಯನ್ನು ಯಾರೇ ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡರೂ ಈ ಪಟ್ಟಿ ಅದರ ಜೊತೆಗೇ ಬರುತ್ತದೆ. ಅದರ ಹೆಸರು 'ಏರ್‌ಕ್ವಾಲಿಟಿ'.

ಹೊಸಬರಿಗೆ ಮೇಷ್ಟ್ರು ಕೊಡಬಹುದಾದ ಒಂದು ಪ್ರಶ್ನೆ ಹೀಗಿದೆ: 'ಓಜೋನ್ ಪ್ರಮಾಣ ಶತಕೋಟಿಗೆ ನೂರು ಭಾಗವನ್ನು ಮೀರಿದ ದಿನಗಳನ್ನು ಮಾತ್ರ ಆರಿಸಿ ತೋರಿಸಿ.' ಪೆನ್ಸಿಲ್ ಹಿಡಿದು ಪಟ್ಟಿಯ ಮೇಲೆ ಬೆರಳಾಡಿಸಿದರೂ ಉತ್ತರ ಸಿಗುತ್ತದೆ. ಮೇ 30, ಜುಲೈ 1 ಮತ್ತು 25, ಆಗಸ್ಟ್ 7, 9, 25 ಮತ್ತು 29. ಒಟ್ಟು ಏಳು ದಿನ. ಆದರೆ ಚೌಕ ಆವರಣದೊಳಗೆ ಈ ಷರತ್ತನ್ನು ಸರಿಯಾಗಿಯೇ ಬರೆದು ಕೀಲಿ ಒತ್ತಿದ ವಿದ್ಯಾರ್ಥಿಯ ಪರದೆಯ ಮೇಲೆ ಮೂಡುವುದು ಏಳು ಸಾಲಲ್ಲ, ನಲವತ್ತನಾಲ್ಕು! ಅವುಗಳಲ್ಲಿ ಏಳು ನೆಟ್ಟಗಿವೆ. ಮಿಕ್ಕ 37 ಸಾಲುಗಳಲ್ಲಿ ತಾರೀಖಿಲ್ಲ, ತಿಂಗಳಿಲ್ಲ, ಸೆಖೆಯ ಲೆಕ್ಕವಿಲ್ಲ. ಎಲ್ಲ ಮನೆಗಳಲ್ಲೂ 'ಎನ್‌ಎ', 'ಎನ್‌ಎ' ಎಂಬ ಎರಡಕ್ಷರ ಮಾತ್ರ. ಯಾವ ದಿನದ ಸಾಲು ಎಂಬ ಗುರುತೂ ಅಳಿಸಿಹೋಗಿದೆ.

'ಸಾರ್, ಕಂಪ್ಯೂಟರ್ ಕೆಟ್ಟಿದೆ' ಎಂದು ಹಿಂದಿನ ಬೆಂಚಿನಿಂದ ದನಿ ಬರುವುದು ಈ ಘಟ್ಟದಲ್ಲಿಯೇ. ಕಂಪ್ಯೂಟರ್ ಕೆಟ್ಟಿಲ್ಲ. ಆ 37 ದಿನಗಳ ಓಜೋನ್ ಅಳತೆಯೇ ಪಟ್ಟಿಯಲ್ಲಿಲ್ಲ. ಅಳತೆ ಇಲ್ಲದ ದಿನ ಓಜೋನ್ ನೂರನ್ನು ಮೀರಿತ್ತೇ? 'ಹೌದು' ಎನ್ನುವಂತಿಲ್ಲ, 'ಇಲ್ಲ' ಎನ್ನುವಂತೆಯೂ ಇಲ್ಲ. 'ಗೊತ್ತಿಲ್ಲ' ಎಂಬುದೊಂದೇ ಪ್ರಾಮಾಣಿಕ ಉತ್ತರ. ಆ 'ಗೊತ್ತಿಲ್ಲ'ಗಳನ್ನು ಆರ್ ಬಚ್ಚಿಡದೆ ಸಾಲಾಗಿ ತಂದು ಎದುರಿಗಿಟ್ಟಿದೆ, ಅಷ್ಟೆ.

ಸಂಖ್ಯಾಶಾಸ್ತ್ರ ಎಂದರೆ ಸರಾಸರಿ, ವಿಚಲನೆ, ಸೂತ್ರಗಳ ಸರಮಾಲೆ ಎಂದು ಅನೇಕ ಪೋಷಕರು ಭಾವಿಸಿರುತ್ತಾರೆ. ಅವರ ಕಾಲದಲ್ಲಿ ಅದು ನಿಜವೂ ಆಗಿತ್ತು. ಲಾಗರಿದಮ್ ಪುಸ್ತಕ ತಿರುವಿ ಲೆಕ್ಕ ಮಾಡುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಈಗ ಸೂತ್ರದ ಕೆಲಸವನ್ನು ಗಣಕ ರೆಪ್ಪೆ ಮಿಟುಕಿಸುವುದರೊಳಗೆ ಮುಗಿಸುತ್ತದೆ. ಯಾವ ಸಾಲುಗಳನ್ನು ಸೂತ್ರಕ್ಕೆ ಕೊಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮಾತ್ರ ಮನುಷ್ಯನೇ ಹೇಳಬೇಕು. ಹೊಸಬರು ಮುಗ್ಗರಿಸುವುದೂ ಇಲ್ಲಿಯೇ. ಕನ್ನಡದಲ್ಲಾದರೆ ಹೀಗೂ ಹೇಳಬಹುದು: 'ಆರ್' ಕಲಿಯಬೇಕಾದರೆ ಮೊದಲು 'ಆರಿಸು' ಕಲಿಯಬೇಕು.

ಪಾಠಕ್ಕಾಗಿ ಹುಟ್ಟಿದ ಭಾಷೆ

ಆರ್ ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ, ಅದೂ ಪಾಠದ ಕೋಣೆಯ ಅಗತ್ಯಕ್ಕಾಗಿ. ಆಕ್ಲೆಂಡ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗದಲ್ಲಿದ್ದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಅವರಿಗೆ ತಮ್ಮ ಮ್ಯಾಕಿಂಟಾಷ್ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ಕಲಿಸಲು ಒಂದು ಒಳ್ಳೆಯ ತಂತ್ರಾಂಶ ಬೇಕಾಗಿತ್ತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು 1976ರಲ್ಲಿ ಆರಂಭಿಸಿದ್ದ 'ಎಸ್' ಎಂಬ ಭಾಷೆ ಅವರಿಗೆ ಮಾದರಿಯಾಯಿತು. ಅದೂ ಒಂದಕ್ಷರದ ಹೆಸರು. ಇವರಿಬ್ಬರ ಹೆಸರೂ 'ಆರ್' ಅಕ್ಷರದಿಂದಲೇ ಶುರು. ಹೀಗೆ ನಾಮಕರಣವಾಯಿತು. 1993ರಲ್ಲಿ ಹೊರಜಗತ್ತಿಗೆ ಸುದ್ದಿ ತಿಳಿಯಿತು. 1995ರಲ್ಲಿ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶವಾಯಿತು. ಮೊದಲ ಪೂರ್ಣ ಆವೃತ್ತಿ ಬಿಡುಗಡೆಯಾದದ್ದು 2000ದ ಫೆಬ್ರುವರಿ 29ರಂದು. ಅಧಿಕ ದಿನದಂದು ಹುಟ್ಟಿದ್ದರಿಂದ ಈ ಆವೃತ್ತಿಯ ಹುಟ್ಟುಹಬ್ಬ ನಾಲ್ಕು ವರ್ಷಕ್ಕೊಮ್ಮೆ!

ಪೋಷಕರ ಕಿವಿಗೆ ಹಿತವೆನಿಸುವ ಸಂಗತಿ ಎಂದರೆ ಅಂದಿನಿಂದ ಇಂದಿನವರೆಗೂ ಇದಕ್ಕೆ ಬೆಲೆ ಎಂಬುದಿಲ್ಲ. ರಾಜ್ಯದ ಹಲವು ವಿಶ್ವವಿದ್ಯಾಲಯಗಳ ಬಿ.ಎಸ್ಸಿ. ಸಂಖ್ಯಾಶಾಸ್ತ್ರದ ಪ್ರಯೋಗಾಲಯಗಳಲ್ಲಿ ಆರ್ ಬಳಕೆಯಲ್ಲಿದೆ. ಮುಂಬೈ ಐಐಟಿಯ 'ಫಾಸೀ' ಯೋಜನೆ ಕಾಲೇಜುಗಳಲ್ಲಿ ಇದನ್ನು ಹರಡುವ ಕೆಲಸ ಮಾಡುತ್ತಿದೆ. ಪ್ರಾಣಿಶಾಸ್ತ್ರ, ಅರ್ಥಶಾಸ್ತ್ರ, ವೈದ್ಯಕೀಯ ಸಂಶೋಧನೆಯ ಹಾದಿ ಹಿಡಿದವರಿಗೂ ಒಂದಲ್ಲ ಒಂದು ತಿರುವಿನಲ್ಲಿ ಈ ಭಾಷೆ ಎದುರಾಗುತ್ತದೆ.

ರೋಲ್ ನಂಬರು, ಹೆಸರು, 'ಎದ್ದು ನಿಲ್ಲಿ'

ತರಗತಿಯಿಂದ ಕೆಲವು ಮಕ್ಕಳನ್ನು ಆರಿಸಿ ಹೊರಗೆ ಕರೆಯಬೇಕು ಎನ್ನಿ. ಮೇಷ್ಟ್ರಿಗೆ ಮೂರು ದಾರಿಗಳಿವೆ. 'ರೋಲ್ ನಂಬರ್ ಐದು, ಬಾ' ಎನ್ನಬಹುದು. 'ಸಾವಿತ್ರಿ ಬಾರಮ್ಮ' ಎಂದು ಹೆಸರು ಹಿಡಿದು ಕರೆಯಬಹುದು. ಅಥವಾ 'ಫೀಸು ಕಟ್ಟದವರು ಎದ್ದು ನಿಲ್ಲಿ' ಎಂದು ಷರತ್ತು ಹಾಕಬಹುದು. ಆರ್ ಭಾಷೆಯಲ್ಲಿ ಆರಿಸುವ ವಿದ್ಯೆಯ ಬಹುಪಾಲು ಈ ಮೂರರಲ್ಲೇ ಅಡಗಿದೆ: ಸ್ಥಾನ, ಹೆಸರು, ಷರತ್ತು.

ಮೂರಕ್ಕೂ ಚೌಕ ಆವರಣವೇ ಬಾಗಿಲು. ಪಟ್ಟಿಯ ಹೆಸರು ಬರೆದು ಅದರ ಮುಂದೆ ಆವರಣ ತೆರೆಯಬೇಕು. ಒಳಗೆ ಒಂದು ಅಲ್ಪವಿರಾಮ. ಅದರ ಎಡಕ್ಕೆ ಅಡ್ಡಸಾಲು, ಬಲಕ್ಕೆ ಕಂಬಸಾಲು. ಇಲ್ಲಿ ಓದುವ ಅನುಕೂಲಕ್ಕಾಗಿ ಹೆಸರುಗಳನ್ನು ಕನ್ನಡದಲ್ಲಿ ಬರೆದಿದೆ. ಪರದೆಯ ಮೇಲೆ ಅವು ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ.

ಏರ್‌ಕ್ವಾಲಿಟಿ[5, ]

ಎಂದರೆ ಐದನೆಯ ಅಡ್ಡಸಾಲು, ಅಂದರೆ ಮೇ 5ರ ಇಡೀ ದಾಖಲೆ.

ಏರ್‌ಕ್ವಾಲಿಟಿ[ , 5]

ಎಂದರೆ ಐದನೆಯ ಕಂಬಸಾಲು. ಅಲ್ಲಿರುವುದು ತಿಂಗಳ ಸಂಖ್ಯೆ. ಆದ್ದರಿಂದ 153 ಅಂಕೆಗಳು ಸಾಲಾಗಿ ಬಂದು ಬೀಳುತ್ತವೆ. ಅಲ್ಪವಿರಾಮದ ಒಂದು ಕಡೆ ಖಾಲಿ ಬಿಟ್ಟರೆ 'ಅಲ್ಲಿರುವುದೆಲ್ಲವೂ ಬೇಕು' ಎಂದರ್ಥ. ಖಾಲಿ ಜಾಗಕ್ಕೂ ಅರ್ಥವಿದೆ ಎಂಬುದು ಹೊಸಬರಿಗೆ ಬೇಗ ಒಗ್ಗುವುದಿಲ್ಲ. ಅಲ್ಪವಿರಾಮವನ್ನೇ ಮರೆತು ಬರೀ [5] ಎಂದರೆ ಆರ್ ಅದನ್ನು ಕಂಬಸಾಲಿನ ಸಂಖ್ಯೆ ಎಂದೇ ತಿಳಿಯುತ್ತದೆ. ಷರತ್ತಿನ ಜೊತೆ ಅಲ್ಪವಿರಾಮ ಮರೆತರೆ 'ಇಲ್ಲದ ಕಂಬಸಾಲುಗಳನ್ನು ಕೇಳುತ್ತಿದ್ದೀರಿ' ಎಂಬರ್ಥದ ಬೈಗುಳ ಬರುತ್ತದೆ. ಅಡ್ಡಸಾಲು ಕೇಳಿದವನಿಗೆ ಕಂಬಸಾಲಿನ ಬೈಗುಳ! ಹುಡುಗರು ಕಕ್ಕಾಬಿಕ್ಕಿಯಾಗುವುದು ಸಹಜ. ಮೊದಲ ವಾರದಲ್ಲಿಯೇ ಮೇಷ್ಟ್ರು ಬೇಕೆಂದೇ ಈ ತಪ್ಪು ಮಾಡಿ ತೋರಿಸಿಬಿಟ್ಟರೆ ಮುಂದೆ ಎಷ್ಟೋ ಗೋಳು ತಪ್ಪುತ್ತದೆ.

ಶಾಲೆಯಲ್ಲಿ ಪೈಥಾನ್ ಕಲಿತು ಬಂದವರಿಗೆ ಇನ್ನೊಂದು ತೊಡಕು. ಪೈಥಾನ್, ಸಿ, ಜಾವಾಗಳಲ್ಲಿ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ. ನೆಲಮಹಡಿಯಾದ ಮೇಲೆ ಒಂದನೆಯ ಮಹಡಿ ಬಂದಂತೆ. ಆರ್ ಮಾತ್ರ ಹಾಜರಿ ಪುಸ್ತಕದಂತೆ ಒಂದರಿಂದಲೇ ಎಣಿಸುತ್ತದೆ. ಅಭ್ಯಾಸಬಲದಿಂದ ಸೊನ್ನೆಯನೆಯದನ್ನು ಕೇಳಿದರೆ ಆರ್ ರೇಗುವುದಿಲ್ಲ, ಖಾಲಿ ಕೈ ತೋರಿಸುತ್ತದೆ. ಪೈಥಾನಿನಲ್ಲಿ 'ಮೈನಸ್ ಒಂದು' ಎಂದರೆ ಕೊನೆಯದು. ಆರ್‌ನಲ್ಲಿ ಅದೇ ಬರಹಕ್ಕೆ 'ಮೊದಲನೆಯದನ್ನು ಬಿಟ್ಟು ಮಿಕ್ಕಿದ್ದೆಲ್ಲ' ಎಂಬ ಅರ್ಥ. ಎರಡೂ ಭಾಷೆ ಬಲ್ಲವರೂ ಆಗಾಗ ಎಡವುತ್ತಾರೆ.

ಸ್ಥಾನ, ಹೆಸರುಗಳನ್ನು ಒಂದು ಪೀರಿಯಡ್ಡಿನಲ್ಲಿ ಮುಗಿಸಬಹುದು. ಷರತ್ತಿಗೆ ಮಾತ್ರ ಸಾವಧಾನ ಬೇಕು. 'ಫೀಸು ಕಟ್ಟದವರು ಎದ್ದು ನಿಲ್ಲಿ' ಎಂದಾಗ ಏನಾಗುತ್ತದೆ ನೋಡಿ. ಪ್ರತಿ ವಿದ್ಯಾರ್ಥಿಯೂ ತನ್ನನ್ನೇ ಕೇಳಿಕೊಂಡು ಒಳಗೊಳಗೇ 'ಹೌದು' ಅಥವಾ 'ಅಲ್ಲ' ಎಂದುಕೊಳ್ಳುತ್ತಾನೆ. 'ಹೌದು' ಎಂದವರು ಏಳುತ್ತಾರೆ. ಗಣಕದೊಳಗೂ ಹೀಗೆಯೇ. 'ಓಜೋನ್ ನೂರಕ್ಕಿಂತ ಹೆಚ್ಚು' ಎಂದರೆ ಮೊದಲು 153 ಉತ್ತರಗಳ ಒಂದು ಮಾಲೆ ತಯಾರಾಗುತ್ತದೆ: ಅಲ್ಲ, ಅಲ್ಲ, ಅಲ್ಲ, ಅಲ್ಲ, ಗೊತ್ತಿಲ್ಲ, ಅಲ್ಲ... ಆಮೇಲಷ್ಟೇ ಆರಿಸುವ ಕೆಲಸ. ಪುಸ್ತಕಗಳು ಈ ಎರಡು ಹೆಜ್ಜೆಗಳನ್ನು ಒಂದೇ ಸಾಲಿನಲ್ಲಿ ಹೆಣೆದುಬಿಡುತ್ತವೆ. ಅದರಿಂದಲೇ ಗೊಂದಲ. ಒಳ್ಳೆಯ ಬೋಧಕರು ಮೊದಲು ಆ ಹೌದು-ಅಲ್ಲಗಳ ಮಾಲೆಯನ್ನೇ ಪರದೆಯ ಮೇಲೆ ತೋರಿಸುತ್ತಾರೆ, ಅದಕ್ಕೊಂದು ಹೆಸರಿಡುತ್ತಾರೆ, ಬಳಿಕ ಆ ಹೆಸರನ್ನು ಆವರಣದೊಳಗೆ ಇಡುತ್ತಾರೆ. ಹೀಗೆ ಬಿಡಿಸಿ ತೋರಿಸಿದರೆ ನಲವತ್ತನಾಲ್ಕರ ಗುಟ್ಟು ವಿದ್ಯಾರ್ಥಿಗೇ ಕಣ್ಣಿಗೆ ಬೀಳುತ್ತದೆ.

ಷರತ್ತಿನಲ್ಲಿ ಕನ್ನಡದ ಮಾತೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. 'ಮೇ ಮತ್ತು ಜೂನ್ ತಿಂಗಳ ಸಾಲುಗಳು ಬೇಕು' ಎಂದು ಮೇಷ್ಟ್ರು ಹೇಳುತ್ತಾರೆ. ವಿದ್ಯಾರ್ಥಿ ವಿಧೇಯನಾಗಿ 'ತಿಂಗಳು ಐದು ಮತ್ತು ತಿಂಗಳು ಆರು' ಎಂದು ಬರೆಯುತ್ತಾನೆ. ಒಂದು ಸಾಲೂ ಬರುವುದಿಲ್ಲ. ಮೇ ತಿಂಗಳೂ ಆಗಿರುವ, ಜೂನ್ ತಿಂಗಳೂ ಆಗಿರುವ ದಿನ ಯಾವ ಪಂಚಾಂಗದಲ್ಲಿದೆ? ಇಲ್ಲಿ ಬೇಕಾದದ್ದು 'ಅಥವಾ'. ಅದನ್ನು ಹಾಕಿದರೆ 61 ಸಾಲುಗಳು ಸರಿಯಾಗಿ ಬರುತ್ತವೆ. ಮನೆಮಾತಿನ 'ಮತ್ತು' ಗುಂಪುಗಳನ್ನು ಕೂಡಿಸುತ್ತದೆ, ಗಣಕದ 'ಮತ್ತು' ಷರತ್ತುಗಳನ್ನು ಬಿಗಿ ಮಾಡುತ್ತದೆ.

ಡಬ್ಬಿಯೋ, ಮೆಂತ್ಯವೋ?

ಒಂಟಿ ಚೌಕ ಆವರಣ, ಜೋಡಿ ಚೌಕ ಆವರಣ ಇವೆರಡರ ವ್ಯತ್ಯಾಸ ಹೊಸಬರಿಗೆ ನಿಜವಾದ ತಲೆನೋವು. ನ್ಯೂಜಿಲೆಂಡಿನವರೇ ಆದ ಹ್ಯಾಡ್ಲಿ ವಿಕಮ್ ತಮ್ಮ 'ಆರ್ ಫಾರ್ ಡೇಟಾ ಸೈನ್ಸ್' ಪುಸ್ತಕದಲ್ಲಿ ಇದನ್ನು ವಿವರಿಸಲು ಮೆಣಸಿನ ಪುಡಿಯ ಪೊಟ್ಟಣಗಳನ್ನು ತುಂಬಿದ ಕುಪ್ಪಿಯೊಂದರ ಚಿತ್ರಗಳನ್ನೇ ಹಾಕಿದ್ದಾರೆ. ನಮ್ಮ ಅಡುಗೆಮನೆಗಳಲ್ಲಿ ಅದಕ್ಕಿಂತ ಒಳ್ಳೆಯ ಉಪಮೆ ಕೈಗೆಟಕುವಂತಿದೆ: ಮಸಾಲೆ ಡಬ್ಬಿ.

ದೊಡ್ಡ ಡಬ್ಬಿಯೊಳಗೆ ಸಾಸಿವೆ, ಜೀರಿಗೆ, ಮೆಂತ್ಯ, ಅರಿಸಿನಗಳ ಪುಟ್ಟ ಬಟ್ಟಲುಗಳು. ಒಂಟಿ ಆವರಣದಲ್ಲಿ 'ಮೆಂತ್ಯ' ಎಂದು ಕೇಳಿದರೆ, ಮಿಕ್ಕ ಬಟ್ಟಲುಗಳನ್ನೆಲ್ಲ ತೆಗೆದು ಮೆಂತ್ಯದ ಬಟ್ಟಲೊಂದನ್ನೇ ಇಟ್ಟ ಡಬ್ಬಿ ಕೈಗೆ ಬರುತ್ತದೆ. ಡಬ್ಬಿ ಡಬ್ಬಿಯೇ. ಜೋಡಿ ಆವರಣದಲ್ಲಿ ಕೇಳಿದರೆ ಅಂಗೈ ಮೇಲೆ ಮೆಂತ್ಯದ ಕಾಳೇ ಬೀಳುತ್ತದೆ. ಒಗ್ಗರಣೆಗೆ ಹಾಕಬೇಕಾದದ್ದು ಕಾಳು, ಡಬ್ಬಿಯಲ್ಲ! ಏರ್‌ಕ್ವಾಲಿಟಿಯ ಸೆಖೆಯ ಕಂಬಸಾಲನ್ನು ಒಂಟಿ ಆವರಣದಲ್ಲಿ ಹೆಸರು ಹಿಡಿದು ತೆಗೆದು ಸರಾಸರಿ ಕೇಳಿ. 'ಇದು ಸಂಖ್ಯೆಯಲ್ಲ' ಎಂಬ ಎಚ್ಚರಿಕೆಯೊಂದಿಗೆ ಎನ್‌ಎ ಬರುತ್ತದೆ. ಜೋಡಿ ಆವರಣದಲ್ಲಿ ತೆಗೆದು ಕೇಳಿ, 77.88 ಡಿಗ್ರಿ ಫ್ಯಾರನ್‌ಹೀಟ್ ಎಂಬ ಉತ್ತರ ತಟ್ಟನೆ ಬರುತ್ತದೆ. ಹೆಸರಿನ ಮುಂದೆ ಡಾಲರ್ ಚಿಹ್ನೆ ಹಾಕಿ ಏರ್‌ಕ್ವಾಲಿಟಿ$ಟೆಂಪ್ ಎಂದು ಬರೆಯುವುದು ಈ ಜೋಡಿ ಆವರಣದ್ದೇ ಒಳದಾರಿ.

ಈ ತೊಡಕುಗಳನ್ನು ಕಂಡೇ ವಿಕಮ್ ಮತ್ತು ಸಂಗಡಿಗರು 2014ರಲ್ಲಿ 'ಡಿಪ್ಲೈಆರ್' ಎಂಬ ಉಪಕರಣಗಳ ಕಟ್ಟನ್ನು ಹೊರತಂದರು. ಅದರಲ್ಲಿ ಆವರಣಗಳ ಕಾಟ ಕಡಿಮೆ, ಕ್ರಿಯಾಪದಗಳದೇ ಆಡಳಿತ. ಅಡ್ಡಸಾಲು ಬೇಕಾದರೆ 'ಫಿಲ್ಟರ್', ಕಂಬಸಾಲು ಬೇಕಾದರೆ 'ಸೆಲೆಕ್ಟ್'. ಕಲಿಯುವವರಿಗೆ ಯಾವುದನ್ನು ಮೊದಲು ಹೇಳಿಕೊಡಬೇಕು ಎಂಬ ಬಗ್ಗೆ ಬೋಧಕರಲ್ಲಿ ದೊಡ್ಡ ಜಗಳವೇ ನಡೆದಿದೆ. ಕ್ರಿಯಾಪದಗಳಿಂದ ಶುರುಮಾಡಿದರೆ ಮೊದಲ ದಿನವೇ ಕೆಲಸ ಆಗುತ್ತದೆ ಎಂದು ಒಂದು ಪಕ್ಷ. ಆವರಣ ಮತ್ತು ಡಾಲರ್ ಚಿಹ್ನೆಯೇ ಭಾಷೆಯ ಬುನಾದಿ, ಅದನ್ನು ಬಿಟ್ಟು ಕಲಿಸುವುದು ಹೊಸಬರಿಗೇ ಹೊರೆ ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದ ನಾರ್ಮನ್ ಮ್ಯಾಟ್ಲಾಫ್ ಅವರಂಥವರ ವಾದ. ಕಂಪ್ಯೂಟರನ್ನೇ ಮೊದಲ ಬಾರಿ ಮುಟ್ಟುತ್ತಿರುವ ವಿದ್ಯಾರ್ಥಿಗೆ ಕ್ರಿಯಾಪದ ಸುಲಭ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ, ಹಳೆಯ ಪುಸ್ತಕಗಳಲ್ಲಿ, ಬೇರೆಯವರು ಬರೆದಿಟ್ಟ ಕ್ರಮವಿಧಿಗಳಲ್ಲಿ ಆವರಣಗಳೇ ತುಂಬಿರುವುದರಿಂದ ಅದನ್ನು ಓದಲಾದರೂ ಬರಲೇಬೇಕು.

ಒಂದು ವಿಷಯದಲ್ಲಿ ಮಾತ್ರ ಹೊಸ ಉಪಕರಣಕ್ಕೆ ಪೂರ್ಣ ಅಂಕ ಕೊಡಬೇಕು. ಸಮ ಚಿಹ್ನೆಯ ತಪ್ಪನ್ನು ಅದು ಹಿಡಿಯುತ್ತದೆ. 'ಸಮವೇ?' ಎಂದು ಕೇಳಲು ಆರ್‌ನಲ್ಲಿ ಎರಡು ಸಮ ಚಿಹ್ನೆ ಬೇಕು; ಒಂದೇ ಹಾಕಿದರೆ ಅದು ಪ್ರಶ್ನೆಯಾಗುವುದಿಲ್ಲ. ಎಡ್ಗರ್ ಆ್ಯಂಡರ್ಸನ್ ಅಳೆದ, ಆರ್. ಎ. ಫಿಷರ್ 1936ರಲ್ಲಿ ಪ್ರಸಿದ್ಧಿಗೆ ತಂದ ಐರಿಸ್ ಹೂವುಗಳ ಪಟ್ಟಿಯೂ ಆರ್ ಜೊತೆಗೇ ಬರುತ್ತದೆ. ಮೂರು ಜಾತಿ, ತಲಾ 50 ಹೂ, ಒಟ್ಟು 150. ಹಳೆಯ 'ಸಬ್‌ಸೆಟ್' ಆಜ್ಞೆಯಲ್ಲಿ ಒಂದೇ ಸಮ ಚಿಹ್ನೆ ಹಾಕಿ 'ಜಾತಿ = ಸೆಟೋಸಾ' ಎಂದು ಬರೆದರೆ ಅದು ತುಟಿ ಬಿಚ್ಚದೆ 150 ಹೂವುಗಳನ್ನೂ ಕೊಟ್ಟುಬಿಡುತ್ತದೆ. ಅದೇ ತಪ್ಪನ್ನು 'ಫಿಲ್ಟರ್' ಮುಂದೆ ಮಾಡಿದರೆ ಅದು ನಿಂತು, 'ಎರಡು ಸಮ ಚಿಹ್ನೆ ಹಾಕಬೇಕಾಗಿತ್ತೇನೋ?' ಎಂದು ಕೇಳುತ್ತದೆ.

ಇದಕ್ಕಿಂತ ಕಪಟಿಯಾದ ತಪ್ಪೊಂದಿದೆ. ಐರಿಸ್ ಪಟ್ಟಿಯಿಂದ ಸೆಟೋಸಾ, ವರ್ಜಿನಿಕಾ ಎರಡೂ ಜಾತಿಯ ಹೂಗಳು ಬೇಕು. ವಿದ್ಯಾರ್ಥಿನಿ ಎರಡು ಸಮ ಚಿಹ್ನೆಯನ್ನೇ ಹಾಕಿ, ಬಲಕ್ಕೆ ಎರಡೂ ಹೆಸರು ಬರೆಯುತ್ತಾಳೆ. ನೂರು ಹೂ ಬರಬೇಕು, ಬರುವುದು ಐವತ್ತು! ಎಚ್ಚರಿಕೆಯೂ ಇಲ್ಲ, ಬೈಗುಳವೂ ಇಲ್ಲ. ಆದದ್ದೇನು? ಆರ್ ಮೊದಲನೆಯ ಹೂವನ್ನು 'ನೀನು ಸೆಟೋಸಾ?' ಎಂದು ಕೇಳಿತು. ಎರಡನೆಯ ಹೂವನ್ನು 'ನೀನು ವರ್ಜಿನಿಕಾ?' ಎಂದು ಕೇಳಿತು. ಮೂರನೆಯದಕ್ಕೆ ಮತ್ತೆ 'ಸೆಟೋಸಾ?' ಹೀಗೆ ಸರದಿಯ ಮೇಲೆ ಕೇಳುತ್ತ ಹೋದರೆ ಅರ್ಧಕ್ಕರ್ಧ ಹೂಗಳಿಗೆ ತಪ್ಪು ಪ್ರಶ್ನೆ ಬಿದ್ದು ಅವು 'ಅಲ್ಲ' ಎಂದವು. 'ಈ ಗುಂಪಿನಲ್ಲಿದೆಯೇ?' ಎಂದು ಕೇಳುವ ಬೇರೆಯೇ ಚಿಹ್ನೆ ಆರ್‌ನಲ್ಲಿದೆ. ಎರಡು ಶೇಕಡಾ ಗುರುತುಗಳ ನಡುವೆ 'ಇನ್' ಎಂದು ಬರೆಯುವುದು. ಅದನ್ನು ಬಳಸಿದರೆ ನೂರೂ ಬರುತ್ತವೆ. ಇಂಥ ತಪ್ಪನ್ನು ಹಿಡಿಯಲು ಭಾಷೆಯ ಪಾಂಡಿತ್ಯಕ್ಕಿಂತ 'ಎಷ್ಟು ಬರಬೇಕಾಗಿತ್ತು?' ಎಂಬ ಅಂದಾಜು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಗೈರುಹಾಜರಿ ಸೊನ್ನೆಯಲ್ಲ

ಮತ್ತೆ ಆ 37 ಖಾಲಿ ದಿನಗಳಿಗೆ ಬರೋಣ. ಪರೀಕ್ಷೆಗೆ ಬಾರದವನಿಗೂ, ಬಂದು ಸೊನ್ನೆ ತೆಗೆದವನಿಗೂ ಅಂಕಪಟ್ಟಿಯಲ್ಲಿ ವ್ಯತ್ಯಾಸವಿದೆ ಎಂಬುದು ಪ್ರತಿ ವಿದ್ಯಾರ್ಥಿಗೂ ಗೊತ್ತು. ಎನ್‌ಎ ಎಂದರೆ ಗೈರುಹಾಜರಿ. ಏರ್‌ಕ್ವಾಲಿಟಿಯಲ್ಲಿ ಓಜೋನ್ ಅಳತೆ ಇರುವ 116 ದಿನಗಳ ಸರಾಸರಿ 42ರ ಆಸುಪಾಸು. ಗೈರಾದ 37ನ್ನು ಸೊನ್ನೆ ಎಂದು ಬರೆದುಕೊಂಡರೆ ಸರಾಸರಿ 32ಕ್ಕಿಂತ ಕೆಳಗಿಳಿಯುತ್ತದೆ. ಗಾಳಿ ಶುದ್ಧವಾಗದೆಯೇ ಕಾಗದದ ಮೇಲೆ ಶುದ್ಧವಾಗಿಬಿಡುತ್ತದೆ! ಆದ್ದರಿಂದಲೇ ಸುಮ್ಮನೆ ಸರಾಸರಿ ಕೇಳಿದರೆ ಆರ್ ಎನ್‌ಎ ಎಂದು ಹೇಳಿ ಸುಮ್ಮನಾಗುತ್ತದೆ. 'ಗೈರಾದವರನ್ನು ಬಿಟ್ಟು ಲೆಕ್ಕ ಹಾಕು' ಎಂದು ಮನುಷ್ಯ ಬಾಯಿಬಿಟ್ಟು ಹೇಳಬೇಕು.

ಆರಿಸುವಾಗಲೂ ಅಷ್ಟೆ. 'ಓಜೋನ್ ನೂರು ಮೀರಿದ, ಮತ್ತು ಓಜೋನ್ ಗೈರಾಗಿಲ್ಲದ' ಎಂದು ಷರತ್ತನ್ನು ಪೂರ್ತಿ ಮಾಡಿದರೆ ಏಳೇ ಸಾಲು ಬರುತ್ತವೆ. 'ಸಬ್‌ಸೆಟ್', 'ಫಿಲ್ಟರ್' ಆಜ್ಞೆಗಳು ಕೇಳದೆಯೇ ಗೈರಾದವರನ್ನು ಕೈಬಿಟ್ಟು ಏಳನ್ನೇ ಕೊಡುತ್ತವೆ. ಹುಡುಗರಿಗೆ ಇದು ಬಲು ಅನುಕೂಲ. ಆದರೆ ಈ ಅನುಕೂಲದಲ್ಲಿ ಒಂದು ಅಪಾಯವೂ ಇದೆ. ಏಳು ದಿನಗಳ ಪಟ್ಟಿಯಲ್ಲಿ ಜೂನ್ ತಿಂಗಳೇ ಇಲ್ಲ. ಹಾಗಾದರೆ ಆ ವರ್ಷ ಜೂನ್‌ನಲ್ಲಿ ಗಾಳಿ ಚೆನ್ನಾಗಿತ್ತೇ? ಪಟ್ಟಿಗೆ ಹಿಂದಿರುಗಿ ನೋಡಿ. ಜೂನ್‌ನ ಮೂವತ್ತು ದಿನಗಳಲ್ಲಿ 21 ದಿನ ಖಾಲಿ. ಅಳತೆ ಇರುವುದು ಒಂಬತ್ತೇ ದಿನ. ಜೂನ್ 21ರಿಂದ 30ರವರೆಗೆ ಸತತ ಹತ್ತು ದಿನ ಒಂದಂಕೆಯೂ ಇಲ್ಲ. ಅದರ ಮರುದಿನ, ಜುಲೈ ಒಂದರಂದು ಓಜೋನ್ 135! ಆ ಹತ್ತು ದಿನಗಳಲ್ಲಿ ಏನಿತ್ತೋ? ಏಳು ಸಾಲಿನ ಚೊಕ್ಕ ಉತ್ತರ ಪಡೆದ ವಿದ್ಯಾರ್ಥಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ನಲವತ್ತನಾಲ್ಕು ಬಂದು ಗಾಬರಿಯಾದವನಿಗೆ ಹೊಳೆಯುವ ಸಾಧ್ಯತೆ ಇದೆ.

ಆರಿಸುವ ಮೊದಲೇ ಬಿಟ್ಟುಹೋದದ್ದು

ಆವರಣ, ಅಲ್ಪವಿರಾಮ ಎಲ್ಲ ಸರಿಯಿದ್ದೂ ಆಯ್ಕೆ ತಪ್ಪಬಹುದು. ಅದಕ್ಕೆ ಉದಾಹರಣೆಯಾಗಿ ಸಂಖ್ಯಾಶಾಸ್ತ್ರದ ಬೋಧಕರು ಮತ್ತೆ ಮತ್ತೆ ಹೇಳುವ ಕಥೆ 'ಚಾಲೆಂಜರ್' ಗಗನನೌಕೆಯದು.

1986ರ ಜನವರಿ 27ರ ಸಂಜೆ. ಯೂಟಾದಲ್ಲಿದ್ದ ಮಾರ್ಟನ್ ಥಯಕಾಲ್ ಕಂಪನಿ, ಅಲಬಾಮಾದ ಮಾರ್ಷಲ್ ಕೇಂದ್ರ, ಫ್ಲಾರಿಡಾದ ಕೆನಡಿ ಕೇಂದ್ರ ಇವುಗಳ ನಡುವೆ ದೂರವಾಣಿಯಲ್ಲೇ ಸಭೆ. ಮರುದಿನ ಬೆಳಿಗ್ಗೆ ಚಾಲೆಂಜರ್ ಏರಬೇಕು. ಆ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಮುನ್ಸೂಚನೆ. ಪಕ್ಕದ ರಾಕೆಟ್ಟುಗಳ ಸಂದುಗಳನ್ನು ಮುಚ್ಚುವ ರಬ್ಬರ್ ಬಳೆಗಳು ಚಳಿಗೆ ಪೆಡಸಾಗುತ್ತವೆ, 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ, ಅಂದರೆ ಸುಮಾರು 12 ಡಿಗ್ರಿ ಸೆಲ್ಷಿಯಸ್‌ಗಿಂತ ಕೆಳಗೆ ಹಾರಿಸಬೇಡಿ ಎಂದು ಕಂಪನಿಯ ಎಂಜಿನಿಯರುಗಳು ವಾದಿಸಿದರು. ಸಾಕ್ಷಿ ಏನು? ಹಿಂದೆ ಬಳೆಗಳಿಗೆ ಹಾನಿಯಾದ ಹಾರಾಟಗಳು. 1985ರ ಜನವರಿಯಲ್ಲಿ 53 ಡಿಗ್ರಿಯಲ್ಲಿ ಹಾರಿದಾಗ ಹಾನಿ ಎಲ್ಲಕ್ಕಿಂತ ಹೆಚ್ಚಾಗಿತ್ತು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಬೆಚ್ಚಗಿನ 75 ಡಿಗ್ರಿಯಲ್ಲಿ ಹಾರಿದಾಗಲೂ ಹಾನಿ ಕಂಡಿತ್ತು. ಚಳಿಗೂ ಹಾನಿಗೂ ನಂಟು ಎಲ್ಲಿದೆ ಎಂಬ ಪ್ರಶ್ನೆ ಎದ್ದಿತು. ಕೊನೆಗೆ ಕಂಪನಿಯ ಆಡಳಿತಗಾರರು ಎಂಜಿನಿಯರುಗಳ ಮಾತನ್ನು ಬದಿಗಿಟ್ಟು ಒಪ್ಪಿಗೆ ಕೊಟ್ಟರು. 28ರ ಬೆಳಿಗ್ಗೆ 36 ಡಿಗ್ರಿ ಚಳಿಯಲ್ಲಿ ಮೇಲೇರಿದ ಚಾಲೆಂಜರ್ 73 ಸೆಕೆಂಡುಗಳಲ್ಲಿ ಛಿದ್ರವಾಯಿತು. ಶಾಲಾ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್ ಸೇರಿ ಏಳು ಮಂದಿ ಸತ್ತರು.

ವಿಲಿಯಂ ರಾಜರ್ಸ್ ನೇತೃತ್ವದ ತನಿಖಾ ಆಯೋಗ ಅದೇ ವರ್ಷದ ಜೂನ್‌ನಲ್ಲಿ ಕೊಟ್ಟ ವರದಿಯಲ್ಲಿ ಒಂದು ಸರಳ ಸಂಗತಿಯನ್ನು ಎತ್ತಿ ತೋರಿಸಿತು. ಹಾನಿಯಾದ ಹಾರಾಟಗಳನ್ನಷ್ಟೇ ಹೋಲಿಸಿ ನೋಡಿದ್ದರು. ಹಾನಿಯಾಗದವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬಳೆಗಳ ಪರೀಕ್ಷೆಯಾದ 23 ಹಾರಾಟಗಳ ಪಟ್ಟಿ ಇಂದು ಆರ್‌ನ ಬೋಧನಾ ಕಟ್ಟುಗಳಲ್ಲಿ ಸಿಗುತ್ತದೆ; ಯಾವ ವಿದ್ಯಾರ್ಥಿ ಬೇಕಾದರೂ ತೆರೆದು ನೋಡಬಹುದು. 'ಹಾನಿ ಸೊನ್ನೆಗಿಂತ ಹೆಚ್ಚು' ಎಂದು ಆರಿಸಿದರೆ ಏಳು ಸಾಲು ಬರುತ್ತವೆ. ಅವು 53ರಿಂದ 75 ಡಿಗ್ರಿಯವರೆಗೆ ಚೆದುರಿವೆ; ಯಾವ ಸ್ಪಷ್ಟ ಚಿತ್ರವೂ ಮೂಡುವುದಿಲ್ಲ. ಈಗ 23ನ್ನೂ ಉಳಿಸಿಕೊಂಡು, ಉಷ್ಣತೆಯ ಮೇಲೆ ಆರಿಸಿ. 65 ಡಿಗ್ರಿಗಿಂತ ಕೆಳಗೆ ನಾಲ್ಕು ಹಾರಾಟ, ನಾಲ್ಕರಲ್ಲೂ ಹಾನಿ. 65ಕ್ಕಿಂತ ಮೇಲೆ ಹತ್ತೊಂಬತ್ತು. ಹಾನಿ ಮೂರರಲ್ಲಿ ಮಾತ್ರ. ಒಂದೇ ಪಟ್ಟಿ, ಎರಡು ಷರತ್ತು. ಅಂದು ಹಾರಿಸಲು ಒತ್ತಡವೂ ಇತ್ತು, ಬೇರೆ ಕಾರಣಗಳೂ ಇದ್ದವು. ಎಲ್ಲವನ್ನೂ ಒಂದು ಪಟ್ಟಿಯ ತಲೆಗೆ ಕಟ್ಟಲಾಗದು. ಆದರೂ ಎಂಜಿನಿಯರುಗಳ ಕೈಯಲ್ಲಿ ಆ ಹದಿನಾರು 'ಏನೂ ಆಗದ' ಸಾಲುಗಳು ಇದ್ದಿದ್ದರೆ ಅವರ ವಾದಕ್ಕೆ ಎಷ್ಟು ತೂಕ ಬರುತ್ತಿತ್ತು!

ಇನ್ನೊಂದು ಕುತೂಹಲದ ಅಂಶ ಉಂಟು. ಚಾಲೆಂಜರ್ ದುರಂತಕ್ಕೆ ಮೊದಲು ನಡೆದಿದ್ದ ಗಗನನೌಕಾ ಹಾರಾಟಗಳು 24; ಪಟ್ಟಿಯಲ್ಲಿರುವುದು 23. 1982ರ ಜೂನ್‌ನಲ್ಲಿ ನಡೆದ ನಾಲ್ಕನೆಯ ಹಾರಾಟದ ರಾಕೆಟ್ಟುಗಳು ಸಮುದ್ರದಲ್ಲಿ ಮುಳುಗಿಹೋದವು. ಬಳೆಗಳನ್ನು ಪರೀಕ್ಷಿಸಲು ಆಗಲಿಲ್ಲ. ಅಲ್ಲಿ ಬರೆಯಬೇಕಾದ್ದು ಸೊನ್ನೆಯಲ್ಲ, ಎನ್‌ಎ.

ಮನೆಯಲ್ಲೇ ಮಾಡಿ ನೋಡಲು

ಆರ್ ಕಲಿಯಲು ದುಬಾರಿ ಕಂಪ್ಯೂಟರ್ ಬೇಕಿಲ್ಲ; ಮನೆಯಲ್ಲಿರುವ ಸಾಮಾನ್ಯ ಯಂತ್ರ ಸಾಕು. ಪಟ್ಟಿಗಳು ಒಳಗೇ ಇರುವುದರಿಂದ ಒಮ್ಮೆ ಇಳಿಸಿಕೊಂಡ ಮೇಲೆ ಅಂತರಜಾಲ ಇಲ್ಲದೆಯೂ ಅಭ್ಯಾಸ ನಡೆಯುತ್ತದೆ. ಕಾನ್ಪುರ ಐಐಟಿಯ ಪ್ರಾಧ್ಯಾಪಕರು ಎನ್‌ಪಿಟಿಇಎಲ್ ಮೂಲಕ ಕೊಟ್ಟಿರುವ ಆರ್ ಪಾಠಗಳನ್ನು ಪುಕ್ಕಟೆಯಾಗಿ ನೋಡಬಹುದು. ದುಬಾರಿ ಶುಲ್ಕದ ಕೋರ್ಸುಗಳಿಗೆ ಮೊದಲ ದಿನವೇ ಹಣ ಸುರಿಯುವ ಅವಸರ ಪೋಷಕರಿಗೆ ಬೇಡ.

ಗಣಕ ಭಾಷೆ ತಿಳಿಯದ ತಂದೆತಾಯಿಯೂ ಮಗುವಿನ ಪಕ್ಕ ಕುಳಿತು ಮೂರು ಪ್ರಶ್ನೆ ಕೇಳಬಹುದು. ಪಟ್ಟಿಯಲ್ಲಿ ಒಟ್ಟು ಎಷ್ಟು ಸಾಲಿದ್ದವು? ಎಷ್ಟು ಬರುತ್ತವೆ ಎಂದು ನೀನು ಅಂದುಕೊಂಡಿದ್ದೆ? ಬಂದದ್ದೆಷ್ಟು, ಮಿಕ್ಕವು ಎಲ್ಲಿ ಹೋದವು? ಎರಡನೆಯ ಪ್ರಶ್ನೆಯ ಉತ್ತರವನ್ನು ಕೀಲಿ ಒತ್ತುವ ಮೊದಲೇ ಕಾಗದದ ಮೇಲೆ ಬರೆಸಬೇಕು. ಉತ್ತರ ಕಂಡ ಮೇಲೆ 'ನಾನೂ ಅಷ್ಟೇ ಅಂದುಕೊಂಡಿದ್ದೆ' ಎನ್ನುವುದು ಎಲ್ಲ ವಯಸ್ಸಿನವರಿಗೂ ಇರುವ ಚಟ.

ಅಭ್ಯಾಸಕ್ಕೆ ಒಂದು ಲೆಕ್ಕ ಇಲ್ಲಿದೆ. ಏರ್‌ಕ್ವಾಲಿಟಿಯಲ್ಲಿ ಓಜೋನ್ 37 ದಿನ ಗೈರು. ಬಿಸಿಲಿನ ಅಳತೆ 7 ದಿನ ಗೈರು. ಮಿಕ್ಕ ಕಂಬಸಾಲುಗಳು ಪೂರ್ತಿ ಇವೆ. ಒಂದು ಮನೆಯೂ ಖಾಲಿಯಿಲ್ಲದ ಸಾಲುಗಳನ್ನಷ್ಟೇ ಆರಿಸಿದರೆ ಎಷ್ಟು ಉಳಿಯುತ್ತವೆ? 153ರಲ್ಲಿ 44 ಕಳೆದು 109 ಎಂದು ಥಟ್ಟನೆ ಹೇಳುವವರೇ ಹೆಚ್ಚು. ಆರ್ ಕೊಡುವ ಉತ್ತರ 111. ಎರಡು ದಿನ ಓಜೋನೂ ಇಲ್ಲ, ಬಿಸಿಲೂ ಇಲ್ಲ. ಕಳೆಯುವಾಗ ಅವುಗಳನ್ನು ಎರಡೆರಡು ಸಲ ಎಣಿಸಿದಂತಾಯಿತು. ಒಂದು ದಿನ ಈಗಾಗಲೇ ಇಲ್ಲಿ ಬಂದುಹೋಗಿದೆ: ಐದನೆಯ ಸಾಲು, ಮೇ 5. ಇನ್ನೊಂದು ಅದೇ ತಿಂಗಳಲ್ಲಿದೆ; ಅದನ್ನು ಹುಡುಕಲು ಒಂದು ಸಾಲಿನ ಷರತ್ತು ಸಾಕು, ಆದರೆ 'ಮತ್ತು' ಹಾಕಬೇಕೋ 'ಅಥವಾ' ಹಾಕಬೇಕೋ ಎಂದು ಮೊದಲು ಯೋಚಿಸಬೇಕು.